ಹೆಸರು ಬಿಚ್ಚಿದ ನಲವತ್ತು ಕುರ್ತಾ

ಸುಮಂಗಲಾ ಗುಡೇಕೋಟೆಯಿಂದ ಮೊದಲ ಬಸ್ಸಿಗೇ ಕೂಡ್ಲಿಗಿಗೆ ಬಂದಿಳಿದಿದ್ದಳು. ಯೂಸುಫ್ ಸಾಬರದು ಹೊಲಿಗೆ ಯಂತ್ರ ರಿಪೇರಿ ಅಂಗಡಿ, ಪಕ್ಕದಲ್ಲೇ ನನ್ನದು ದಾರ, ಗುಂಡಿಗಳ ಅಂಗಡಿ. ಆದರೆ ಕಳೆದುಹೋದ ಮೇಕೆಯಿಂದ ಹಿಡಿದು ಏನೇ ಪತ್ತೆಯಾಗಬೇಕಿದ್ದರೂ ಸುತ್ತಲಿನ ಜನ ಹುಡುಕಿಕೊಂಡು ಬರುವುದು ಸಾಬರನ್ನೇ. ಗಿರಾಕಿಗಳನ್ನು ಬಿಟ್ಟು ಅವರ ಹಿಂದೆ ಅಲೆಯುವುದು ನನ್ನ ಪಾಲಿನ ಕೆಲಸ. ನನ್ನ ಹೆಂಡತಿ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದು ಇಲ್ಲಿ ಬೇಡ.

"ಸಾಬ್ರೇ, ಇವತ್ತು ಮಧ್ಯಾಹ್ನ ಶಬ್ನಮ್ ಮೇಡಂ ಬರ್ತಾರ್ರಿ. ಇನ್ನೂರು ಕುರ್ತಾದಾಗ ನಲವತ್ತರ ಹೆಸರಪಟ್ಟಿ ಯಾರೋ ಕಿತ್ತಾರ" ಎಂದಳು ಸುಮಂಗಲಾ.

ಸುಮಂಗಲಾ ಕಟ್ಟಿದ ಸಂಘದಲ್ಲಿ ಹದಿನಾಲ್ಕು ಹೆಂಗಸರು. ದುಡಿಯುವವರನ್ನು ಹಿಂಡದೆ ಹೊಲಿಸಿದ ಬಟ್ಟೆಯನ್ನಷ್ಟೇ ಕೊಳ್ಳುತ್ತೇವೆಂದು ಹಟ ಹಿಡಿದ ದಾವಣಗೆರೆಯ ಗ್ರಾಹಕರ ಬಳಗವೊಂದು ಅವರಿಗೆ ಕೆಲಸ ಕೊಟ್ಟಿತ್ತು. ಷರತ್ತು ಒಂದೇ: ಪ್ರತಿ ಕುರ್ತಾದ ಕೊರಳೊಳಗೆ ಅದನ್ನು ಹೊಲಿದವಳ ಹೆಸರು ಬರೆದ ಬಟ್ಟೆಯ ಪಟ್ಟಿ ಇರಬೇಕು, ಆ ಹೆಸರು ನಿಜವಾಗಿರಬೇಕು. ಬಳಗದ ಪರವಾಗಿ ನೋಡಿ ಹೋಗುವವರು ಶಬ್ನಮ್. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಸಂಘದ ಬಾಗಿಲು ಮುಚ್ಚಿದಂತೆಯೇ. ಆಮೇಲೆ ಉಳಿಯುವುದು, ಸೋಮವಾರಕ್ಕೊಮ್ಮೆ ಹೆಂಗಸರನ್ನು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ತುಂಬಿಕೊಂಡು ಹೋಗುವ ಉಜ್ಜಿನಪ್ಪನ ವ್ಯಾನು. ಹಾಸ್ಟೆಲಿನಲ್ಲಿಟ್ಟು, ಗೇಟಿಗೆ ಬೀಗ ಜಡಿದು ದುಡಿಸುವ ಜಾಗ ಅದು.

"ಉಜ್ಜಿನಪ್ಪನದೇ ಕೆಲಸ!" ಎಂದೆ.

"ಮೊನ್ನಿ ಬಂದು ಬಾಗಿಲದಾಗ ನಿಂತು ನಕ್ಕು ಹೋಗ್ಯಾನ" ಎಂದಳು ಸುಮಂಗಲಾ.

"ಗಂಗಾಧರ, ಮೊದಲು ಗಾಡಿ ತಗಿ. ತೀರ್ಪು ಆಮ್ಯಾಲೆ ಕೊಡುವಂತಿ" ಎಂದು ಸಾಬರು ಟೋಪಿ ಸರಿಮಾಡಿಕೊಂಡರು.

ಗುಡೇಕೋಟೆಯ ಸಂಘದ ಕೋಣೆಯಲ್ಲಿ ಒಂದು ಯಂತ್ರವೂ ಓಡುತ್ತಿರಲಿಲ್ಲ. ಹೆಂಗಸರು ಚಾಪೆಯ ಮೇಲೆ ಸುಮ್ಮನೆ ಕುಳಿತಿದ್ದರು. ಮೂರು ವಾರದ ಹಿಂದೆ ಚಿಕುನ್‌ಗುನ್ಯಾ ಊರನ್ನೇ ಮಲಗಿಸಿತ್ತು, ಕೆಲವರ ಕೀಲುಗಳು ಇನ್ನೂ ಬಾತುಕೊಂಡಿದ್ದವು. ಚಹಾ ಬಂದಾಗ ಜಂಬಕ್ಕ ಲೋಟವನ್ನು ಬೆರಳಲ್ಲಿ ಹಿಡಿಯದೆ ಎರಡೂ ಅಂಗೈ ನಡುವೆ ಇಟ್ಟುಕೊಂಡಳು. ಹೊಲಿಯಲಾಗದ್ದಕ್ಕೆ ಬಟ್ಟೆ ಮಡಚಿ ಗಂಟು ಕಟ್ಟುವ ಕೆಲಸ ಅವಳದಾಗಿತ್ತು.

"ಕಿತ್ತಿದ್ದು ಯಾರ ಹೆಸರು?" ಸಾಬರು ಕೇಳಿದರು.

"ನಲವತ್ತೂ ಜಂಬಕ್ಕಂದೇ" ಎಂದಳು ಸುಮಂಗಲಾ. "ಆಕಿ ಕೈ ಮೊದಲಿಂದ್ಲೂ ಜೋರು. ಉಳಿದಾರದು ಹನ್ನೆರಡೋ ಹದಿಮೂರೋ ಅಷ್ಟ."

ಸಾಬರು ಭೂತಗನ್ನಡಿ ತೆಗೆದರು. ಪಟ್ಟಿ ಇದ್ದ ಜಾಗದಲ್ಲಿ ಸೂಜಿಯ ತೂತುಗಳು ಮಾತ್ರ ಉಳಿದಿದ್ದವು, ಬಟ್ಟೆ ಒಂದೆಳೆಯೂ ಹರಿದಿರಲಿಲ್ಲ. ಕುರ್ತಾ ತಿರುವಿ ಹಾಕಿದರು. ಒಳಗಿನ ಅಂಚಿಗೆ ದಾರ ಹೆಣೆದಂತೆ ನೀಟಾಗಿ ಸುತ್ತಿಕೊಂಡಿತ್ತು. ಉಳಿದ ನೂರ ಅರವತ್ತರಲ್ಲಿ ಅಂಚನ್ನು ಮಡಚಿ ಹೊಲಿದಿತ್ತು, ಅಷ್ಟೆ. ಕಿತ್ತವೇ ಚೆನ್ನಾಗಿವೆಯಲ್ಲ ಅನ್ನಿಸಿತು ನನಗೆ. ಕೊರಳಿನ ಕೈಹೊಲಿಗೆಯನ್ನಂತೂ ಅವರು ಬಹಳ ಹೊತ್ತು ನೋಡಿದರು.

ಆಮೇಲೆ ಹರಟೆಗಿಳಿದರು. "ಜಂಬಕ್ಕ, ಮಗಳು ಸುಜಾತಾ ಹೆಂಗದಾಳವಾ?"

"ಫ್ಯಾಕ್ಟರಿ ಹಾಸ್ಟೆಲ್‌ನಾಗ ಅದಾಳ್ರಿ. ಮೂರು ಐತವಾರ ಆತು, ಬಂದಿಲ್ಲ."

"ಸಣ್ಣಾಕಿದ್ದಾಗ ಎಲ್ಲಾ ಎಡಗೈಲೇ ಮಾಡ್ತಿದ್ಲಲ್ಲ?"

"ಊಟ ಬಲಗೈಗೆ ರೂಢಿ ಮಾಡಿಸಿದೆ. ಸೂಜಿ ಮಾತ್ರ ಎಡಗೈ ಬಿಡಲಿಲ್ಲ" ಎಂದು ಜಂಬಕ್ಕ ತಲೆ ತಗ್ಗಿಸಿದಳು.

ಹೊತ್ತೇರುತ್ತಿದೆ, ಇವರಿಗೆ ಊರ ಸುದ್ದಿ ಬೇಕಾಯಿತಲ್ಲ ಎಂದು ನನಗೆ ಸಿಟ್ಟೇ ಬಂತು. ಸಾಬರು ಕನ್ನಡಿ ಜೇಬಿಗಿಟ್ಟು ಎಲ್ಲರನ್ನೂ ಹತ್ತಿರ ಕರೆದರು.

"ವೈರಿ ಆಗಿದ್ರ ಕತ್ರಿ ಹಾಕ್ತಿದ್ದ. ಇಲ್ಲಿ ಒಂದೊಂದೇ ಹೊಲಿಗಿ ಸೂಜಿಲೆ ಎಬ್ಬಿಸ್ಯಾರ, ಬಟ್ಟಿಗೆ ನೋವಾಗಬಾರದು ಅನ್ನಂಗ. ಉಜ್ಜಿನಪ್ಪಗ ಸೂಜಿ ಹಿಡಿಯಾಕೂ ಬರಂಗಿಲ್ಲ."

ನಾನು ಬಾಗಿಲ ಕಡೆ ನೋಡಿದೆ.

"ಈ ನಲವತ್ತರ ಒಳಗಿನ ಅಂಚು ಓವರ್‌ಲಾಕ್ ಮಿಷನ್ನಿಂದು. ಅಂಥಾದ್ದು ಇಲ್ಲಿ ಇಲ್ಲ. ಇಲ್ಲಿರೋ ಹದಿನಾಲ್ಕೂ ಕಾಲ್ತುಳಿ ಮಿಷನ್ನು, ಎಲ್ಲಕ್ಕೂ ಎಣ್ಣಿ ಬಿಟ್ಟಾವ ನಾನ. ಮತ್ತ ಲೋಟ ಹಿಡಿಯಾಕ ಬರದ ಬಟ್ಟು ನಲವತ್ತು ಕುರ್ತಾ ಹೊಲಿತಾವೇನು? ಇವು ಫ್ಯಾಕ್ಟರಿವು."

ಸುಮಂಗಲಾ ಗೋಡೆಗೆ ಒರಗಿದಳು. "ನಾನ ಮಾಡ್ಸಿದ್ದು. ಅರ್ಧ ಮಂದಿ ಹಾಸಿಗಿ ಹಿಡಿದಿದ್ರು, ಬಳಗದಾರು ತಾರೀಖು ಮುಂದಕ್ಕ ಹಾಕಲ್ಲ ಅಂದ್ರು. ಫ್ಯಾಕ್ಟರಿ ಸೂಪರ್‌ವೈಸರ್‌ಗೆ ಹೊಲಿಸಾಕ ಬಟ್ಟಿ ಕೊಟ್ಟೆ. ಜಂಬಕ್ಕನ ಹೆಸರಾದ್ರ ಯಾರೂ ಅನುಮಾನ ಪಡಲ್ಲ ಅಂತ ಮನ್ಯಾಗ ಕುಂತು ಪಟ್ಟಿ ಹಚ್ಚಿದೆ. ಯಾರಿಗೋ ಗೊತ್ತಾಗೇತಿ ಅಂತ ಹೆದರಿ ನಿಮ್ಮನ್ನ ಕರೆದೆ, ಸಾಬ್ರೇ."

"ಗೊತ್ತಾಗಿದ್ದು ಜಂಬಕ್ಕಗ" ಎಂದು ಸಾಬರು ಕೊರಳಿನ ಹೊಲಿಗೆ ಬೆಳಕಿಗೆ ಹಿಡಿದರು. "ನಿಮ್ಮೆಲ್ಲರ ಕೈಹೊಲಿಗಿ ಒಂದ ಕಡೆ ವಾಲ್ತಾವ. ಇವು ನಲವತ್ತೂ ಅದಕ್ಕ ಎದುರು ಕಡೆ. ಎಡಗೈ ಕೆಲಸ."

ಜಂಬಕ್ಕ ಸೊಂಟದ ಎಲೆ ಅಡಿಕೆ ಸಂಚಿ ಬಿಚ್ಚಿ ಚಾಪೆಯ ಮೇಲೆ ಸುರಿದಳು. ನಲವತ್ತು ಪಟ್ಟಿಗಳೂ ಅಲ್ಲಿದ್ದವು.

"ಗಂಟು ಕಟ್ಟುವಾಗ ಕಂಡ್ವು. ಆ ಹೊಲಿಗಿ ನಾನ ಕಲಿಸಿದ್ದು. ಮೂರು ಐತವಾರ ನನ್ನ ಮಗಳು ಯಾಕ ಬರ್ಲಿಲ್ಲ ಅಂತ ಆಗ ತಿಳೀತು. ರಜಾದಾಗೂ ಕುಂದ್ರಿಸಿ ಇವನ್ನ ಹೊಲಿಸ್ಯಾರ. ಬಾಯಿ ಬಿಟ್ರ ಸಂಘ ಹೋಗ್ತೈತಿ. ಸುಮ್ಮನಿದ್ರ ಅಕಿ ಕಣ್ಣೀರಿನ ಮ್ಯಾಲೆ ನನ್ನ ಹೆಸರು. ಎರಡು ದಿನ ಹಿಡೀತು ಈ ಬಾತ ಬೆರಳಿಲೆ ಬಿಚ್ಚಾಕ."

ಹೊರಗೆ ಆಟೋ ನಿಂತಿತು. ಶಬ್ನಮ್ ಚಪ್ಪಲಿ ಬಿಟ್ಟು ಒಳಬಂದವರೇ ಮೇಲಿದ್ದ ಕುರ್ತಾ ಎತ್ತಿಕೊಂಡರು. "ಇದರಲ್ಲಿ ಹೆಸರಿಲ್ಲವಲ್ಲ? ಯಾರು ಹೊಲಿದಿದ್ದು?"

ಸುಮಂಗಲಾ ಕಣ್ಣಲ್ಲೇ ಸಾಬರನ್ನು ಬೇಡಿಕೊಂಡಳು. ಅವರು ನನ್ನ ಮುಖ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಉತ್ತರಕ್ಕಾಗಿ ನನ್ನ ಕಡೆ ತಿರುಗಿದ್ದು ಅದೊಂದೇ ಸಲ.

"ನನ್ನ ಮಗಳು ಹೊಲಿದಾಳ್ರಿ. ಬೀಗದೊಳಗ ಕುಂತು" ಎಂದಳು ಜಂಬಕ್ಕ.

ಎಲ್ಲ ಕೇಳಿದ ಶಬ್ನಮ್ ಚಾಪೆಯ ಮೇಲೇ ಕುಳಿತರು. "ಇದನ್ನ ವರದೀಲಿ ಬರೀದೇ ಇರಕ್ಕಾಗಲ್ಲ ಅಕ್ಕಾ. ಆರ್ಡರ್ ಉಳಿಯಲ್ಲ."

"ಹೋಗ್ಲಿ. ನನ್ನ ಮಗಳನ್ನ ಹೊರಗ ಬಿಡಿಸ್ತೀರೇನು?"

"ನಾವು ತಪಾಸಣೆ ಮಾಡೋ ಜಾಗಗಳಲ್ಲಿ ಆ ಫ್ಯಾಕ್ಟರಿ ಇಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಕಳಿಸ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲ್ಲ" ಎನ್ನುವಾಗ ಅವರ ಕಣ್ಣು ತುಂಬಿತ್ತು.

ವಾಪಸು ಬರುವಾಗ ನಾನು ಕೇಳಿಯೇಬಿಟ್ಟೆ, "ಕಿತ್ತವರು ಸಿಗಲಿಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ಏನು ಹೋಗ್ತಿತ್ತು ಸಾಬ್ರೇ?"

"ಪತ್ತೆ ಮಾಡಾಕ ಬರ್ತೈತಿ ನನಗ. ಆಮ್ಯಾಲೆ ಏನ್ ಮಾಡಬೇಕಂತ ತಿಳಿಯಂಗಿಲ್ಲ" ಎಂದರು.

ಎರಡು ಸೋಮವಾರ ಕಳೆದ ಮೇಲೆ ಉಜ್ಜಿನಪ್ಪನ ವ್ಯಾನು ನಮ್ಮ ಅಂಗಡಿಗಳ ಎದುರಿನ ಬಂಕಿನಲ್ಲಿ ಡೀಸೆಲಿಗೆ ನಿಂತಿತ್ತು. ಒಳಗೆ ಸಂಘದ ಐವರು ಹೆಂಗಸರು, ಕಿಟಕಿಯ ಪಕ್ಕ ಜಂಬಕ್ಕ. ಸಾಬರು ಓಡಿಹೋಗಿ ಕಂಬಿ ಹಿಡಿದುಕೊಂಡರು.

"ಬಟ್ಟು ಇನ್ನಾ ಬಾತಾವ, ನೀ ಯಾಕ ಹೊಂಟಿ ಜಂಬಕ್ಕ?"

"ದಾರ ಹೆಕ್ಕೋ ಕೆಲಸ ಕೊಡ್ತಾರಂತ್ರಿ. ಅಕೀನ್ನ ಹೊರಗ ಬಿಡವಲ್ರು" ಎಂದಳು ಅವಳು. "ಅದಕ್ಕ ನಾನ ಒಳಗ ಹೊಂಟೀನಿ."

ಉಜ್ಜಿನಪ್ಪ ಬಾಗಿಲು ಎಳೆದುಕೊಂಡ.