ಅಪ್ಪನ ಕಾರಿಗೊಂದು ಒಳ್ಳೆಯ ಫೋಟೋ

"ರೀ! ಕಾರು ಮುಟ್ಟಿದ್ರೆ ನೋಡಿ ಮತ್ತೆ!"

ಬಾಲ್ಕನಿಯಿಂದ ಕೂಗಿದ ಸ್ಮರಾಂದಾ ಮೆಟ್ಟಿಲಿಳಿದು ಓಡಿಬಂದಾಗ ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಕೆಳಗೆ, ಅವಳ ಅಪ್ಪನ ಹಳೆಯ ಡಾಚಿಯಾ ಕಾರಿನ ಮುಂದೆ ಉದ್ದನೆಯ ಮನುಷ್ಯನೊಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಸೋಪಿನಷ್ಟು ಚಿಕ್ಕದೊಂದು ಕ್ಯಾಮೆರಾ.

"ಎಳ್ಕೊಂಡು ಹೋಗೋಕೆ ಶುಕ್ರವಾರದವರೆಗೂ ಟೈಮ್ ಇದೆ. ಇವತ್ತೇ ಬಂದುಬಿಟ್ರಾ?"

ಅವನು ಗಡಬಡಿಸಿ ಎದ್ದುನಿಂತ. "ನಾನು ಪುರಸಭೆಯವನಲ್ಲ ಮೇಡಂ. ಹಿಂದಿನ ಬ್ಲಾಕಿಗೆ ಹೊಸದಾಗಿ ಬಂದಿದ್ದೀನಿ. ಲಿವಿಯು ಅಂತ. ಈ ಮುಖ ನೋಡಿ... ಇಷ್ಟ ಆಯ್ತು."

"ಯಾರ ಮುಖ?"

"ಕಾರಿಂದು," ಎಂದ. ಅವನ ಕಿವಿ ಕೆಂಪಾಯಿತು.

ನೆಲಮಹಡಿಯ ಕಿಟಕಿಯಲ್ಲಿ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದ ಔರಿಕಾ ಆಂಟಿ ಸಿಪ್ಪೆ ಉಗಿದು ನಕ್ಕಳು. "ಬಿಡೇ ಸ್ಮರಾಂದಾ! ಅವನು ಬಂದರಲ್ಲಿ ಡ್ಯಾನ್ಯೂಬ್ ನದಿ ನೀರು ಎಷ್ಟು ಏರಿದೆ ಅಂತ ನೋಡೋನು. ದಿನಾ ಬೆಳಿಗ್ಗೆ ಅಳತೆ ಕಂಬದ ಫೋಟೋ ತೆಗೀಬೇಕಂತೆ. ಪಾಪ, ಕಂಬ ಬಿಟ್ಟು ಬೇರೆ ಚೆಂದದ್ದೇನೂ ಕಂಡಿಲ್ಲ."

ಸ್ಮರಾಂದಾಳಿಗೆ ನಗು ಬರಲಿಲ್ಲ. ಕಾರಿನ ಗಾಜಿಗೆ ಅಂಟಿಸಿದ ಹಳದಿ ಚೀಟಿಯ ಮೇಲೆ 'ಬಿಟ್ಟುಹೋದ ವಾಹನ' ಎಂದು ಬರೆದಿತ್ತು. ಕಾರು ಸುಸ್ಥಿತಿಯಲ್ಲಿದೆ ಎಂದು ಫೋಟೋ ಸಮೇತ ತೋರಿಸದಿದ್ದರೆ ಗುಜರಿಗೆ. ಅವಳು ತೆಗೆದುಕೊಂಡು ಹೋಗಿದ್ದ ಫೋಟೋಗಳನ್ನು ನೋಡಿ ಕಚೇರಿಯ ಹೆಂಗಸು, "ಇದರಲ್ಲಿ ಕಾರಿಗಿಂತ ಕಸದ ತೊಟ್ಟಿಯೇ ಚೆನ್ನಾಗಿದೆ ಕಣಮ್ಮ," ಎಂದು ವಾಪಸ್ ಕೊಟ್ಟಿದ್ದಳು.

ಲಿವಿಯು ಆ ಫೋಟೋಗಳನ್ನು ಅವಳ ಫೋನಿನಲ್ಲಿ ಒಂದೊಂದಾಗಿ ನೋಡಿದ.

"ನಡು ಮಧ್ಯಾಹ್ನ ತೆಗೆದಿದ್ದೀರಿ. ಅರ್ಧ ಕಾರು ಸುಣ್ಣ, ಅರ್ಧ ಇದ್ದಿಲು. ಮೇಲಾಗಿ ಮೂತಿ ಹತ್ತಿರಾನೇ ಹೋಗಿ ನಿಂತಿದ್ದೀರಿ. ಅಷ್ಟು ಹತ್ತಿರ ಹೋದ್ರೆ ಯಾರ ಮೂಗಾದ್ರೂ ಬದನೆಕಾಯಿ ಥರಾನೇ ಕಾಣುತ್ತೆ."

"ನನ್ನದೂನಾ?"

ಅವನು ತಲೆಯೆತ್ತಿ ಅವಳ ಮೂಗನ್ನು ನೋಡಿದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು.

"ಇಲ್ಲ," ಎಂದ.

ಮರುದಿನ ಸಂಜೆ ಇಬ್ಬರೂ ಸೇರಿ ಕಾರು ತೊಳೆದರು. ಧೂಳಿನ ಕೆಳಗಿನಿಂದ ಹಾಲುಕೆನೆಯ ಬಣ್ಣ ಮೆಲ್ಲಗೆ ಹೊರಬಂತು. ಬಾನೆಟ್ಟಿನ ಆ ಬದಿ ಅವನು, ಈ ಬದಿ ಅವಳು. ಒರೆಸುವ ಬಟ್ಟೆಗಳು ನಡುವೆ ಎಲ್ಲೋ ಒಂದಕ್ಕೊಂದು ತಾಗಿದಾಗ ಇಬ್ಬರೂ ಕೈ ಹಿಂದಕ್ಕೆಳೆದುಕೊಂಡರು. "ಅಲ್ಲೊಂದು ಕಲೆ ಉಳಿದಿದೆ," ಎಂದು ಅವಳೆಂದರೆ ಅವನು ಕಲೆಯನ್ನು ಬಿಟ್ಟು ಅವಳನ್ನು ನೋಡುತ್ತಿದ್ದ.

"ಇಲ್ಲಿ ಮಾತ್ರ ಫೋಟೋ ಬೇಡ," ಎಂದ ಲಿವಿಯು. "ಹಿಂದೆ ತೊಟ್ಟಿ, ಪಕ್ಕದಲ್ಲಿ ಗೋಡೆ. ದೂರ ಹೋಗಿ ನಿಲ್ಲೋಕೆ ಜಾಗಾನೇ ಇಲ್ಲ. ನದಿ ದಂಡೆಗೆ ಒಯ್ಯೋಣ. ಸೂರ್ಯ ಇಳಿಯೋ ಹೊತ್ತಿಗೆ."

ಅವಳ ಕೈಯಿಂದ ಬಟ್ಟೆ ಬಕೆಟ್ಟಿಗೆ ಬಿತ್ತು. "ನೀವೇ ಓಡಿಸ್ಕೊಂಡು ಹೋಗಿ."

"ನನಗೆ ದೋಣಿ ಬಿಟ್ರೆ ಏನೂ ಬರಲ್ಲ."

ಸ್ಮರಾಂದಾ ನೆಲಮಹಡಿಯ ಕಿಟಕಿಯತ್ತ ತಿರುಗಿದಳು. "ಔರಿಕಾ ಆಂಟಿ, ಕಾರು ಒಯ್ಯೋಕೆ ಅಂಕಲ್‌ಗೆ ಹೇಳ್ತೀರಾ?"

"ಅವರ ಕಣ್ಣಿಗೆ ಮೊನ್ನೆ ತಾನೇ ಆಪರೇಷನ್ ಆಗಿದೆ ಕಣೇ. ಸುಮ್ಮನೆ ಕೂತು ಸ್ಟಾರ್ಟ್ ಮಾಡು ಅಂದ್ರೆ ಮಾಡ್ತಾರೆ. ದಂಡೆಗೆ ಹೋಗು ಅಂದ್ರೆ ನೇರ ನದಿಗೇ ಇಳಿಸ್ತಾರೆ."

"ನಾಳೆ ನೋಡೋಣ," ಎಂದು ಸ್ಮರಾಂದಾ ಮೇಲೆ ಹೋಗಿಬಿಟ್ಟಳು.

ಅಪ್ಪ ಸತ್ತದ್ದು ಆ ಕಾರಿನಲ್ಲೇ. ಓಡಿಸುತ್ತಿದ್ದವಳು ಅವಳೇ. "ನಿಧಾನ ಮಗಳೇ," ಎಂದ ಅಪ್ಪ ಮುಂದಿನ ತಿರುವಿನಲ್ಲಿ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿತು ಎಂದುಕೊಂಡು ಅವಳು ಮೆಲ್ಲಗೆ ಹಾಡು ಗುನುಗುತ್ತ ಮನೆಯವರೆಗೂ ಬಂದಿದ್ದಳು. ಆಮೇಲೆ ಕೀಲಿ ಮುಟ್ಟಿರಲಿಲ್ಲ. ವಿಮೆ ಕಟ್ಟುತ್ತಿದ್ದಳು, ಔರಿಕಾ ಆಂಟಿಯ ಗಂಡ ವಾರಕ್ಕೊಮ್ಮೆ ಎಂಜಿನ್ ಬಿಸಿ ಮಾಡುತ್ತಿದ್ದರು, ಅಷ್ಟೇ.

ಗುರುವಾರ ಸಂಜೆ ಲಿವಿಯು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಕೆಳಗೆ ಕಾದ. ಬೆಲ್ ಒತ್ತಲಿಲ್ಲ, ಕೂಗಲಿಲ್ಲ. ಸ್ಮರಾಂದಾ ಬಾಲ್ಕನಿಯಿಂದ ಕದ್ದು ನೋಡುತ್ತಿದ್ದಳು. ಇಂದು ಹೋಗದಿದ್ದರೆ ಕಾರೂ ಹೋಗುತ್ತದೆ. ಇವನೂ ನಾಳೆಯಿಂದ ತನ್ನ ಕಂಬದ ಪಾಡಿಗೆ ಹೋಗಿಬಿಡುತ್ತಾನೆ.

ಅವಳು ಕೆಳಗಿಳಿದು ಬಂದು ಸ್ಟೇರಿಂಗಿನ ಹಿಂದೆ ಕೂತಳು. ಲಿವಿಯು ಪಕ್ಕದ ಸೀಟಿನಲ್ಲಿ ಕೂತ. ಆ ಸೀಟಿನಲ್ಲಿ.

ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಎರಡನೇ ಸಲ ಹೊರಟಿತು. ಸಂತೆಕಟ್ಟೆ ದಾಟುವವರೆಗೆ ಅವಳು ರಸ್ತೆ ಬಿಟ್ಟು ಕಣ್ಣು ಕದಲಿಸಲಿಲ್ಲ. ಪಕ್ಕದಿಂದ ಮಾತೇ ಇಲ್ಲ. ಯಾಕೆ ಮಾತಿಲ್ಲ? ತಿರುವಿನಲ್ಲಿ ತಡೆಯಲಾರದೆ ಅತ್ತ ನೋಡಿದಳು.

ಅವನು ಕಣ್ಣು ಮುಚ್ಚಿದ್ದ. ಕೈ ಎದೆಯ ಮೇಲಿತ್ತು.

ಬ್ರೇಕು ಕಿರುಚಿತು. ಕಾರು ಅಂಚಿಗೆ ಬಂದು ನಿಂತಿತು. "ಲಿವಿಯು! ಕಣ್ಣು ಬಿಡಿ! ಕಣ್ಣು ಬಿಡಿ ಅಂದೆ!" ಅವಳು ಎರಡೂ ಕೈಯಲ್ಲಿ ಅವನ ಹೆಗಲು ಹಿಡಿದು ಅಲುಗಿಸುತ್ತಿದ್ದಳು.

"ಏನು? ಏನಾಯ್ತು? ಯಾರಿಗೆ ಬಡೀತು?"

"ಎದೆ ಮೇಲೆ ಕೈ ಯಾಕೆ ಇಟ್ಕೊಂಡ್ರಿ?"

"ಜೇಬಲ್ಲಿ ಕ್ಯಾಮೆರಾ ಇತ್ತು. ಬೀಳುತ್ತೆ ಅಂತ..."

"ಕಣ್ಣು? ಕಣ್ಣು ಯಾಕೆ ಮುಚ್ಚಿದ್ರಿ?"

"ಇವತ್ತು ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ. ತಪ್ಪಬಾರದು ಅಂತ ಮನಸ್ಸಲ್ಲೇ ಕಂಠಪಾಠ ಮಾಡ್ತಿದ್ದೆ. ಈಗ ಪೂರ್ತಿ ಮರೆತೋಯ್ತು. ನೀವು ಅಂದ್ರೆ ನನಗೆ ತುಂಬಾ ಇಷ್ಟ. ಶುರುವಲ್ಲಿ ಏನೇನೋ ಚೆಂದದ ಮಾತಿತ್ತು."

ಸ್ಮರಾಂದಾ ಅತ್ತಳು. ಅಳುತ್ತಲೇ ಅಪ್ಪನ ವಿಷಯ ಹೇಳಿದಳು. ಗುನುಗಿದ ಹಾಡಿನ ಮಾತನ್ನೂ ಹೇಳಿದಳು. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಲಿವಿಯು ಅವಳ ಕೈ ಹಿಡಿದು ತನ್ನ ಮಣಿಕಟ್ಟಿನ ಮೇಲೆ, ನಾಡಿ ಬಡಿಯುವಲ್ಲಿ ಇಟ್ಟುಕೊಂಡ.

"ಓಡ್ತಿದೆ ಅಲ್ವಾ? ನಿಲ್ಲೋ ಹಾಗೆ ಕಾಣುತ್ತಾ?"

"ಇಲ್ಲ. ತುಂಬಾ ಜೋರಾಗಿ ಓಡ್ತಿದೆ."

"ಅದಕ್ಕೆ ನೀವೇ ಕಾರಣ. ನಡೀರಿ, ಬಿಸಿಲು ಹೋಗುತ್ತೆ."

ದಂಡೆಯವರೆಗೂ ಅವನು ಬಾಯಿ ಮುಚ್ಚಲಿಲ್ಲ. ಅವಳು ತಿರುಗಿ ನೋಡುವ ಅಗತ್ಯವೇ ಬೀಳದಂತೆ, ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದ. "ಬೇಕರಿ. ಔಷಧಿ ಅಂಗಡಿ. ಬೀಗದ ರಿಪೇರಿ. ಮತ್ತೊಂದು ಔಷಧಿ ಅಂಗಡಿ, ಈ ಊರಿಗೆ ಏನಾಗಿದೆ? ಮೀನಂಗಡಿ, ಮುಚ್ಚಿದೆ." ಅವಳ ಬೆರಳುಗಳು ಸ್ಟೇರಿಂಗಿನ ಮೇಲೆ ಒಂದೊಂದಾಗಿ ಸಡಿಲವಾದವು.

ದಂಡೆಯಲ್ಲಿ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಕಾರನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ ಎಂದ ಲಿವಿಯು. ಮುಂದಿನ ಚಕ್ರಗಳನ್ನು ಕ್ಯಾಮೆರಾದ ಕಡೆಗೆ ತಿರುಗಿಸಲು ಹೇಳಿದ. ಕಾರಿನ ಛಾವಣಿಯಿಂದ ದೀಪದ ಕಂಬ ಮೊಳೆತಂತೆ ಕಾಣುತ್ತದೆಂದು ಒಂದಿಷ್ಟು ಹಿಂದಕ್ಕೆ ತೆಗೆಸಿದ. ತಾನು ದೂರ ಹೋಗಿ, ಕಾರಿನ ದೀಪದ ಎತ್ತರಕ್ಕೆ ಕೂತು, ಝೂಮ್ ಮಾಡಿದ. ಚಿತ್ರ ಅಲುಗಬಾರದೆಂದು ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಟೈಮರ್ ಒತ್ತಿದ.

"ನಿಮ್ಮ ನೆರಳು ಬಾನೆಟ್ ಮೇಲೆ ಬೀಳ್ತಿದೆ. ಸ್ವಲ್ಪ ಪಕ್ಕಕ್ಕೆ. ಇನ್ನೂ ಸ್ವಲ್ಪ." ಆಮೇಲೆ ತಗ್ಗಿದ ದನಿಯಲ್ಲಿ, "ಅಷ್ಟು ದೂರ ಬೇಡ."

ಅವಳು ಅವನ ಪಕ್ಕ ಕೂತು, ಗೀರುಬಿದ್ದ ಚಿಕ್ಕ ಪರದೆಯಲ್ಲಿ ನೋಡಿದಳು. ಅಪ್ಪ ಭಾನುವಾರ ತೊಳೆದು ನಿಲ್ಲಿಸುತ್ತಿದ್ದ ಕಾರು ಅಲ್ಲಿತ್ತು. ನೋಡಿದಳು, ಮತ್ತೆ ನೋಡಿದಳು.

ಶುಕ್ರವಾರ ಕಚೇರಿಯ ಹೆಂಗಸು ಕನ್ನಡಕ ಏರಿಸಿದಳು. "ಇದು ಅದೇ ಕಾರಾ?"

"ಅದೇ. ಕೆಳಗೆ ನಿಂತಿದೆ, ಕಿಟಕಿಯಿಂದ ನೋಡಿ. ನಾನೇ ಓಡಿಸ್ಕೊಂಡು ಬಂದೆ."

ಹೆಂಗಸು ಬಗ್ಗಿ ನೋಡಿದಳು. ಕಾರಿನ ಪಕ್ಕದಲ್ಲಿ ಉದ್ದನೆಯ ಮನುಷ್ಯನೊಬ್ಬ ಅತ್ತಿಂದಿತ್ತ ಓಡಾಡುತ್ತ, ಶರ್ಟಿನ ಗುಂಡಿ ಹಾಕುತ್ತ ಬಿಚ್ಚುತ್ತ ಇದ್ದ. ಅವಳು ನಕ್ಕು ನೋಟಿಸಿಗೆ ರದ್ದು ಮೊಹರು ಒತ್ತಿದಳು.

ಸ್ಮರಾಂದಾ ಹೊರಗೆ ಬರುತ್ತಲೇ ಲಿವಿಯು ಎದುರಿಗೆ ಓಡಿಬಂದ. "ಏನಂದ್ರು?"

"ಕಾರು ಉಳೀತು."

"ದೇವರು ದೊಡ್ಡವನು." ಆಮೇಲೆ ನೆಲ ನೋಡುತ್ತ ಕೇಳಿದ, "ಮತ್ತೆ... ನಾನು ನಿನ್ನೆ ಹೇಳಿದ್ದು?"

ರಾತ್ರಿಯಿಡೀ ಇವನಿಗೆ ನಿದ್ದೆ ಬಂದಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ಅವಳಿಗೂ ಬಂದಿರಲಿಲ್ಲ. ಸ್ಮರಾಂದಾ ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದಳು.

"ಹತ್ತು ಲಿವಿಯು. ಮನೇಲಿ ಮೀನಿನ ಸಾರು ಮಾಡಿಟ್ಟಿದ್ದೀನಿ. ನೀನು ಊಟಕ್ಕೆ ಬರ್ತೀಯ ಅಂತ ಔರಿಕಾ ಆಂಟಿಗೂ ಹೇಳಿಬಿಟ್ಟಿದ್ದೀನಿ. ಇಷ್ಟು ಹೊತ್ತಿಗೆ ಇಡೀ ಬ್ಲಾಕಿಗೆ ಗೊತ್ತಾಗಿರುತ್ತೆ."

ಅವನು ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟ. "ಏನಂದ್ರಿ? ನೀನು... ಅಂದ್ರಾ?"

"ಅಂದೆ. ಕೇಳಿಸಲಿಲ್ವಾ ನಿನಗೆ?"

"ಕೇಳಿಸ್ತು," ಎಂದ ಲಿವಿಯು. "ಇನ್ನೊಂದು ಸಲ ಅನ್ನು."