ಸ್ಪ್ಯಾನಿಷ್‌ನಲ್ಲಿ ಒಂದು ಜಗಳ

"ನಿನ್ನೆ ಏನ್ ಊಟ ಮಾಡಿದ್ರಿ?"

ಅವನು ಕೇಳಿದ್ದು ಅಷ್ಟೇ. ಅದೂ ನಿಧಾನವಾಗಿ, ನಗುಮುಖದಲ್ಲಿ, ಸ್ಪ್ಯಾನಿಷ್‌ನಲ್ಲಿ.

ಆದರೆ ಒದಿಲ್‌ಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು.

ಫ್ರೆಂಚ್ ಮಾತಾಡುವ ಯಾವುಂಡೆ ನಗರದ ಕಾಲೇಜು, ಎರಡನೇ ವರ್ಷದ ಸ್ಪ್ಯಾನಿಷ್ ತರಗತಿ. ವ್ಯಾಕರಣದಲ್ಲಿ ಒದಿಲ್‌ಳನ್ನು ಮೀರಿಸುವವರಿರಲಿಲ್ಲ. ಆದರೆ ಬಾಯಿ ಬಿಡಬೇಕಾದಾಗ ಮಾತ್ರ... 'ತಿಂದೆನಾ? ತಿನ್ನುತ್ತಿದ್ದೆನಾ? ಈ ಭಾಷೆಯಲ್ಲಿ ಭೂತಕಾಲ ಎರಡು. ದೇವರೇ, ಯಾವುದನ್ನು ಹಾಕಲಿ?'

ಆವತ್ತು ಮೇಷ್ಟ್ರಮ್ಮ ಮದಾಮ್ ಬಿಲೊವಾ ಒಬ್ಬ ಅತಿಥಿಯನ್ನು ಕರೆತಂದಿದ್ದರು. ಗಡಿಯಾಚೆಯ ಎಬೆಬಿಯಿನ್ ಊರಿನ ಹುಡುಗ, ಫೆರ್ಮಿನ್ ಒಂದೊ. ಯಾವುಂಡೆಗೆ ಕೃಷಿ ಓದಲು ಬಂದವನು. ಅವನ ದೇಶದಲ್ಲಿ ಸ್ಪ್ಯಾನಿಷ್ ಅಂದರೆ ಶಾಲೆಯ ಭಾಷೆ, ಸಂತೆಯ ಭಾಷೆ, ಬೈಗುಳದ ಭಾಷೆ, ಎಲ್ಲವೂ.

ಒದಿಲ್ ಬೆವರುತ್ತಿದ್ದಳು. ತರಗತಿಯಲ್ಲಿ ಗುಸುಗುಸು ಶುರುವಾಯಿತು.

ಅವಳ ಪುಸ್ತಕದ ಮೇಲಿದ್ದ 'ಮೆಂಗೆ' ಎಂಬ, ತನ್ನ ಜನರಲ್ಲೂ ಇರುವ ಹೆಸರು ಫೆರ್ಮಿನ್‌ನ ಕಣ್ಣಿಗೆ ಬಿತ್ತು. ಪಾಪ, ಸಹಾಯ ಮಾಡೋಣ ಅಂತ ಅದೇ ಪ್ರಶ್ನೆಯನ್ನು ಫಾಂಗ್ ಭಾಷೆಯಲ್ಲಿ ಕೇಳಿಬಿಟ್ಟ! ಗಡಿಯಾಚೆ ಅದನ್ನು ಫಾಂಗ್ ಅಂತಾರೆ, ಈಚೆ ಬುಲು. ಹೆಸರು ಎರಡಾದರೂ ಮಾತು ಹೆಚ್ಚುಕಡಿಮೆ ಒಂದೇ.

ಒದಿಲ್ ತನಗೇ ಗೊತ್ತಿಲ್ಲದ ಹಾಗೆ ಬುಲುವಿನಲ್ಲಿ ಉತ್ತರ ಕೊಟ್ಟಳು: "ಮರಗೆಣಸಿನ ಬೊಬೊಲೊ, ಕಡಲೆಬೀಜದ ಗೊಜ್ಜು!"

ಇಡೀ ತರಗತಿ ಹೋ ಅಂತ ನಕ್ಕಿತು. "ಹಳ್ಳಿಗೇ ವಾಪಸ್ ಹೋಗಮ್ಮಾ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಅವಳು ಚೀಲ ಎತ್ತಿಕೊಂಡು ಹೊರನಡೆದಳು. ಕಣ್ಣು ತುಂಬಿ ಬಾಗಿಲೂ ಸರಿಯಾಗಿ ಕಾಣಲಿಲ್ಲ.

ಮರುದಿನ ಬೆಳಗ್ಗೆ ಕಾಲೇಜಿನ ಗೇಟಿನ ಹತ್ತಿರ, ಮಾ ಜೋಸೆಫಿನ್ ಎಣ್ಣೆ ಬಾಣಲೆಗೆ ಬೋಂಡ ಬಿಡುತ್ತಿದ್ದಳು. ಒದಿಲ್ ತಟ್ಟೆಯಲ್ಲಿ ಬೋಂಡ, ಬೇಯಿಸಿದ ಕಾಳು ಹಿಡಿದು ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ನೆರಳು ಬಿತ್ತು.

"ಕ್ಷಮಿಸಿ..." ಫೆರ್ಮಿನ್! ಅದೂ ಫ್ರೆಂಚ್‌ನಲ್ಲಿ. ಎಂಥ ಫ್ರೆಂಚ್ ಅಂತೀರಿ! ಗಂಡಸಿಗೆ ಹೆಂಗಸಿನ ಪ್ರತ್ಯಯ, ನಿನ್ನೆಗೆ ನಾಳೆಯ ಕ್ರಿಯಾಪದ.

ಮುಖ ತಿರುಗಿಸಿಕೊಂಡಿದ್ದ ಒದಿಲ್‌ಗೆ ನಗು ತಡೆಯಲಾಗಲಿಲ್ಲ.

"ನೋಡಿ, ನಾನ್ ತಪ್ಪು ಮಾತಾಡ್ದೆ, ನೀವ್ ನಕ್ರಿ. ನಾನೇನ್ ಸತ್ತೋದ್ನಾ?" ಅಂದ ಅವನು. "ನಿಮ್ಮನ್ನ ಅವಮಾನ ಮಾಡ್ಬೇಕು ಅಂತ ಅಲ್ಲ ಕಣ್ರಿ. ನಮ್ಮೂರಿನೋರು ಅನ್ಸಿತು... ಬಾಯಿಗೆ ಬಂದುಬಿಡ್ತು."

ಒದಿಲ್ ತಟ್ಟೆಯನ್ನು ಅವನ ಕಡೆ ತಳ್ಳಿದಳು.

"ತಗೊಳ್ಳಿ. ನಿಮ್ ಫ್ರೆಂಚ್ ಕೇಳಿ ನಂಗೇ ಸುಸ್ತಾಯ್ತು."

ಅಲ್ಲಿಂದ ಶುರುವಾಯಿತು ಅವರ ಒಪ್ಪಂದ. ಅವನಿಗೆ ಅವಳು ಫ್ರೆಂಚ್, ಅವಳಿಗೆ ಅವನು ಸ್ಪ್ಯಾನಿಷ್. ತರಗತಿ ಮಾ ಜೋಸೆಫಿನ್‌ಳ ಬೆಂಚು.

ಫೆರ್ಮಿನ್ ಪಾಠ ಮಾಡುವ ರೀತಿಯೇ ಬೇರೆ. ಪುಸ್ತಕ ಮುಟ್ಟುತ್ತಿರಲಿಲ್ಲ. "ನಿಮ್ಮಜ್ಜ ಈಚಲು ಹೆಂಡ ಇಳ್ಸೋ ಕತೆ ಹೇಳು" ಅನ್ನುತ್ತಿದ್ದ. ಅವಳು ತಡವರಿಸಿ ಮುಗಿಸಿದರೆ, "ಈಗ ಅದನ್ನೇ ಇನ್ನೊಂದ್ಸಲ!" ಎರಡನೇ ಸಲ ಸ್ವಲ್ಪ ಸರಾಗ. ಮೂರನೇ ಸಲಕ್ಕೆ ಅಜ್ಜ ಮರದಿಂದ ಬೀಳುವ ಜಾಗದಲ್ಲಿ ಅವಳೇ ನಕ್ಕುಬಿಡುತ್ತಿದ್ದಳು.

"ಪದ ಸಿಗ್ದಿದ್ರೆ ನಿಲ್ಬೇಡ ಒದಿಲ್. ಸುತ್ತಿ ಬಳಸಿ ಹೋಗು. ಹೊಳೆಗೆ ಸೇತುವೆ ಇಲ್ಲಾಂದ್ರೆ ನಮ್ಮೋರು ಮನೆಗೆ ಹೋಗೋದೇ ಇಲ್ವಾ?"

"ತಪ್ಪಾದ್ರೆ?"

"ಆಗ್ಲಿ. ನಂಗೆ ಅರ್ಥ ಆಗತ್ತಲ್ಲ... ಸಾಕು."

ಎಷ್ಟು ಸುಲಭವಾಗಿ ಹೇಳಿಬಿಟ್ಟ! ಆ ಮಾತು ಒದಿಲ್‌ಳ ಎದೆಯಲ್ಲಿ ಎಲ್ಲೋ ಬೆಚ್ಚಗೆ ಕೂತುಬಿಟ್ಟಿತು.

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಬೆಳಗ್ಗೆ ಎದ್ದರೆ ಅವನಿಗೆ ಏನು ಹೇಳಬೇಕು ಅಂತ ಮನಸ್ಸು ಸ್ಪ್ಯಾನಿಷ್‌ನಲ್ಲೇ ಮಾತು ಜೋಡಿಸುತ್ತಿತ್ತು. 'ಇದೇನು ನಂಗೆ? ಇದು ಬರೀ ಭಾಷೆಯ ಹುಚ್ಚಾ?' ಅಂತ ಕೇಳಿಕೊಂಡು ತಾನೇ ನಾಚುತ್ತಿದ್ದಳು.

ಬಾಯಿಮಾತಿನ ಪರೀಕ್ಷೆ ಹತ್ತಿರ ಬಂತು. ಅದರಲ್ಲಿ ಪಾಸಾದರೆ ಮಾತ್ರ ಮೇಷ್ಟ್ರಾಗುವ ತರಬೇತಿಗೆ ಜಾಗ. ಹೋದ ವರ್ಷ ಒಬ್ಬ ಪರೀಕ್ಷಕರ ಮುಂದೆ ಅವಳು ಮೂಕಿಯಂತೆ ಕೂತು ಎದ್ದು ಬಂದಿದ್ದಳು. ಈ ಸಲವೂ ಹಾಗಾದರೆ ಆ ಕನಸು ಮುಗಿದಂತೆ.

"ಸೋಮವಾರ ಪರೀಕ್ಷೆ. ಶನಿವಾರ ಪೂರ್ತಿ ಕೂತು ಮಾತಾಡೋಣ್ವಾ?" ಕೇಳಿದಳು.

ಫೆರ್ಮಿನ್ ಮುಖ ಸಣ್ಣದು ಮಾಡಿದ. "ಶನಿವಾರ ಆಗಲ್ಲ ಒದಿಲ್. ಊರಲ್ಲಿ ನಂಗೊಂದು ಕೊಂಪ್ರೊಮಿಸೊ ಇದೆ. ತಪ್ಸೋ ಹಾಗಿಲ್ಲ." ಹೇಳುತ್ತಾ ಅವನ ಕಣ್ಣು ಮಿನುಗಿತು!

ಬಸ್ಸಿಗೆ ಹೊತ್ತಾಯಿತು ಅಂತ ಓಡಿದ.

ಕೊಂಪ್ರೊಮಿಸೊ? ಒದಿಲ್ ಗ್ರಂಥಾಲಯದಲ್ಲಿ ನಿಘಂಟು ತೆಗೆದಳು. ಅರ್ಥಗಳು ಸಾಲಾಗಿದ್ದವು. ಅವಳ ಕಣ್ಣು ಹೋಗಿ ನಿಂತಿದ್ದು ಒಂದರ ಮೇಲೆ ಮಾತ್ರ.

ಮದುವೆ ನಿಶ್ಚಯ.

ಅಕ್ಷರಗಳು ಕಲಸಿಹೋದವು. 'ಅದಕ್ಕೇ ಆ ಕಣ್ಣಲ್ಲಿ ಅಷ್ಟು ಖುಷಿ... ಊರಲ್ಲಿ ಒಬ್ಬಳು ಕಾಯ್ತಿದಾಳೆ. ನಾನು? ನಾನು ಅವನಿಗೆ ಫ್ರೆಂಚ್ ಹೇಳಿಕೊಡೋಳು, ಅಷ್ಟೇ.'

ಅವನ ಫೋನು ಬಂದರೂ ಅವಳು ಎತ್ತಲಿಲ್ಲ.

ಸೋಮವಾರ ಬೆಳಗ್ಗೆ, ಪರೀಕ್ಷೆಗೆ ಮೊದಲು ಏನಾದರೂ ಹೊಟ್ಟೆಗೆ ಹಾಕೋಣ ಅಂತ ಬೆಂಚಿನ ಹತ್ತಿರ ಬಂದವಳಿಗೆ ಎದುರಾದವನು ಅವನೇ! ಪ್ರಯಾಣದ ಕೆಂಪು ದೂಳು ಅಂಗಿಯ ಮೇಲೆ ಹಾಗೇ ಇತ್ತು. ನಗುತ್ತಾ ಕೈ ಬೀಸಿದ.

"ಫೋನ್ ಯಾಕೆ ಎತ್ಲಿಲ್ಲ? ನಿನ್ ಪರೀಕ್ಷೆ ಅಂತ ಓಡಿ ಬಂದೆ!"

ಒದಿಲ್‌ಳ ಒಳಗಿದ್ದದ್ದು ಕಟ್ಟೆಯೊಡೆಯಿತು.

"ಓಡಿ ಬಂದ್ಯಾ? ಯಾಕೆ? ಆ ಹುಡುಗಿ ಪಕ್ಕ ಕೂತು ಊಟ ಮಾಡೋದು ಬಿಟ್ಟು! ಮದ್ವೆ ಗೊತ್ತಾಗಿದೆ ಅಂತ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ? ದಿನಾ ಇದೇ ಬೆಂಚಲ್ಲಿ ಕೂರ್ತಿದ್ದೆ, ನನ್ ತಟ್ಟೆಯಿಂದ ತಿಂತಿದ್ದೆ, ನನ್ ಅಜ್ಜನ ಕತೆ ಕೇಳ್ತಿದ್ದೆ. ನಾನು ಪೆದ್ದಿ, ಮನಸ್ಸಲ್ಲಿ ಏನೇನೋ ಕಟ್ಕೊಂಡೆ! ನೀನು ನಗ್ತಾ ನಿಂತಿದ್ದೀಯ! ನಾಚ್ಕೆ ಆಗಲ್ವಾ?"

ಬಾಣಲೆಯ ಮುಂದೆ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮಾ ಜೋಸೆಫಿನ್ ಜಾಲರಿ ಸೌಟು ಮೇಲೆತ್ತಿ ಹೇಳಿದಳು: "ಏನ್ ಭಾಷೆಯೋ ನಂಗ್ ಗೊತ್ತಿಲ್ಲಪ್ಪ. ಆದ್ರೆ ಹುಡ್ಗಿನೇ ಗೆಲ್ತಿದಾಳೆ!"

ಫೆರ್ಮಿನ್ ಬಾಯಿ ತೆರೆದು ನಿಂತಿದ್ದ.

"ಒದಿಲ್... ನೀನು ಯಾವ ಭಾಷೇಲಿ ಬೈತಿದ್ದೀಯ ಗೊತ್ತಾ?"

ಅವಳು ತಟ್ಟನೆ ನಿಂತಳು. ಸ್ಪ್ಯಾನಿಷ್! ಒಂದು ಪದಕ್ಕೂ ತಡವರಿಸಿರಲಿಲ್ಲ. ಯಾವ ಭೂತಕಾಲ ಅಂತ ಯೋಚಿಸಿಯೂ ಇರಲಿಲ್ಲ!

"ಮಾತು ಬದಲಾಯಿಸ್ಬೇಡ," ಅಂದಳು. "ಕೊಂಪ್ರೊಮಿಸೊ ಅಂದ್ಯಲ್ಲ?"

"ಅಯ್ಯೋ, ಅದಾ! ಮಾತು ಕೊಟ್ಟಿದ್ದೀನಿ, ಹೋಗ್ಲೇಬೇಕಾದ ಕೆಲ್ಸ ಇದೆ ಅನ್ನೋದಕ್ಕೂ ನಾವು ಹಾಗೇ ಅಂತೀವಿ. ನಮ್ಮಕ್ಕನ ಮಗುವಿನ ಜ್ಞಾನಸ್ನಾನ ಇತ್ತು ಕಣೇ. ನಾನೇ ಧರ್ಮತಂದೆ. ನಾನಿಲ್ದೆ ಪಾದ್ರಿ ನೀರೇ ಮುಟ್ತಿರ್ಲಿಲ್ಲ!"

ಒದಿಲ್‌ಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಮತ್ತೆ... ಆ ಖುಷಿ?"

"ಅಕ್ಕನ ಹತ್ರ ನಿನ್ ವಿಷ್ಯ ಹೇಳ್ಬೇಕು ಅಂತಿದ್ದೆ. ಅದಕ್ಕೆ." ಅವನ ದನಿ ಮೆತ್ತಗಾಯಿತು. "ಹೇಳಿದ್ದೂ ಆಯ್ತು. ನಂಗೆ ನೀನು ಬೇಕು ಒದಿಲ್. ಪಾಠಕ್ಕಲ್ಲ."

ಅವಳ ತುಟಿ ಅಲುಗಿತು. ಇಷ್ಟು ಹೊತ್ತು ಹೊಳೆಯಂತೆ ಹರಿದ ಮಾತು ಈಗ ಎಲ್ಲಿ ಅಡಗಿತೋ!

"ನಂಗೂ..." ಅಂದಳು. ಕೆನ್ನೆ ಒರೆಸಿಕೊಂಡು ಪರೀಕ್ಷೆಗೆ ಓಡಿದಳು.

ಒಳಗೆ ಮದಾಮ್ ಬಿಲೊವಾ ಜೊತೆ ಇಬ್ಬರು ಪರೀಕ್ಷಕರು. "ನಿಮ್ಮ ಮನೆಯವರೊಬ್ಬರ ಬಗ್ಗೆ ಹೇಳಿ" ಅಂದರು. ಅವಳು ಅಜ್ಜನನ್ನು ಹಿಡಿದಳು. ಮರ ಹತ್ತುವಾಗ ಸೊಂಟಕ್ಕೆ ಕಟ್ಟುವ ಬಳ್ಳಿಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೋ ಹೊಳೆಯಲಿಲ್ಲ. ಅವಳು ನಿಲ್ಲಲಿಲ್ಲ. ಎದ್ದು ನಿಂತು, ಸೊಂಟದ ಸುತ್ತ ಕೈ ತಂದು, "ಹೀಗೆ ಕಟ್ಟಿಕೊಂಡು ಮರವನ್ನ ಅಪ್ಪಿಕೊಂಡು ಹತ್ತುವ ಬಳ್ಳಿ" ಅಂದಳು. ಅಜ್ಜ ಬಿದ್ದಾಗ ಪರೀಕ್ಷಕರೇ ನಕ್ಕುಬಿಟ್ಟರು. ಮದಾಮ್ ಬಿಲೊವಾ ಮೇಜಿನ ಮೇಲೆ ಪೆನ್ನಿಟ್ಟು, ಕತೆ ಕೇಳುವ ಮಗುವಿನಂತೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು.

ಮಧ್ಯಾಹ್ನ ಬಾಗಿಲಿಗೆ ಹಚ್ಚಿದ ಹಾಳೆಯಲ್ಲಿ ಅವಳ ಹೆಸರಿತ್ತು. ಪಾಸು!

ಮಾವಿನ ಮರದ ಕೆಳಗೆ ಕಾಯುತ್ತಿದ್ದ ಫೆರ್ಮಿನ್ ಕುಣಿಯಲಿಲ್ಲ. ಅವಳ ಕೈ ಹಿಡಿದುಕೊಂಡ. ಅವನ ಅಂಗೈ ತಣ್ಣಗಿತ್ತು.

"ಒಂದ್ ಪ್ರಶ್ನೆ ಇದೆ ಒದಿಲ್. ನಮ್ಮೋರು ಹುಡುಗೀನ ಕಂಡ ಕೂಡ್ಲೇ ಕೇಳೋ ಪ್ರಶ್ನೆ. ನಾನು ಇಷ್ಟು ತಿಂಗಳು ಕೇಳ್ಲೇ ಇಲ್ಲ... ಹೆದರ್ಕೊಂಡಿದ್ದೆ."

ಅವಳಿಗೆ ಅರ್ಥವಾಯಿತು. ನಿನ್ನ ಕುಲ ಯಾವುದು? ಅಪ್ಪನ ಕಡೆಯೋ ಅಮ್ಮನ ಕಡೆಯೋ ಕುಲ ಒಂದೇ ಆದರೆ ಅಣ್ಣ ತಂಗಿ. ಅಲ್ಲಿಗೆ ಎಲ್ಲ ಮುಗಿಯಿತು!

"ನಾನೂ ಕೇಳ್ಲಿಲ್ಲ," ಅಂದಳು. "ಅದೇ ಭಯ."

"ಹೇಳು."

"ನೀನ್ ಮೊದ್ಲು!"

"ಇಲ್ಲ, ನೀನು..."

ಒದಿಲ್ ಕಣ್ಣು ಮುಚ್ಚಿಕೊಂಡಳು. "ಯೆಕೊಂಬೊ."

ಅವಳ ಜೀವ ಬಾಯಿಗೆ ಬಂತು. ಆಮೇಲೆ ಅವನು ಉಸಿರು ಬಿಟ್ಟದ್ದು ಕೇಳಿಸಿತು.

"ನ್ಜೊಮೊ," ಅಂದ. "ನಾನು ನ್ಜೊಮೊ ಕಣೇ! ಅಮ್ಮನ ಕಡೆ ಎಸಾಂಗಿ."

"ನನ್ನಮ್ಮ ಯೆಸೊಕ್!"

ಇಬ್ಬರೂ ಹುಚ್ಚರ ಹಾಗೆ ನಗತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು, ನೋಡಿಕೊಳ್ಳಲಿ!

"ಹಾಗಾದ್ರೆ ನಾನ್ ನಿನ್ ತಂಗಿ ಅಲ್ಲ," ಅಂದಳು ಅವಳು ಉಸಿರೆಳೆದುಕೊಳ್ಳುತ್ತಾ.

"ದೇವ್ರು ದೊಡ್ಡೋನು... ಅಲ್ವೇ ಅಲ್ಲ!" ಅವನು ಅವಳ ಬೆರಳುಗಳನ್ನು ತುಟಿಗೆ ತಂದ. "ರಜೆ ಶುರುವಾದ ಕೂಡ್ಲೇ ನಿಮ್ಮಪ್ಪನ್ನ ನೋಡೋಕೆ ಬರ್ತೀನಿ. ಬರ್ಲಾ?"

"ಬಾ. ಖಾಲಿ ಕೈಯಲ್ಲಿ ಬರ್ಬೇಡ."

"ಏನ್ ತರ್ಲಿ?"

"ನಿಮ್ಮಕ್ಕನ ಮಗೂನ ಕರ್ಕೊಂಡ್ ಬಾ." ಒದಿಲ್ ಅವನ ಭುಜಕ್ಕೆ ಹಣೆ ಆನಿಸಿದಳು. "ನನ್ನನ್ನ ಶನಿವಾರ ಭಾನುವಾರ ಎರಡೂ ದಿನ ಅಳ್ಸಿದ ಆ ಸವತೀನ ಒಂದ್ಸಲ ಎತ್ಕೊಂಡು ಮುದ್ದಾಡ್ಬೇಕು ನಂಗೆ."