ಬಣ್ಣ ಮರಳದ ಪಟ

ಕಾಗೆಯ ರೆಕ್ಕೆಯಲ್ಲಿ ಸಾವಿರ ಬಗೆಯ ಕಪ್ಪು ಎಣಿಸುವ ಕಣ್ಣು ನನ್ನದು. ನನ್ನಂಥ ಫೋಟೋಗ್ರಾಫರ್ ಇನ್ನೊಬ್ಬ ಹುಟ್ಟಿಲ್ಲ. ನಾನು ತೆಗೆದ ಫಿಲ್ಮನ್ನೆಲ್ಲ ಕತ್ತಲೆಕೋಣೆಯಲ್ಲಿ ತೊಳೆಯುತ್ತಿದ್ದವಳು ನನ್ನ ಹೆಂಡತಿ. ಡಿಜಿಟಲ್ ಕ್ಯಾಮೆರಾ ತಂದ ದಿನ ಅದನ್ನು ಮೇಜಿನ ಮೇಲಿಟ್ಟು, ಟೈಮರ್ ಹಾಕಿ, ಅವಳ ಭುಜದ ಮೇಲೆ ಕೈಹಾಕಿ ನಿಂತು, ಇಬ್ಬರದೂ ಒಂದು ಕಪ್ಪು-ಬಿಳುಪು ಪಟ ತೆಗೆದೆ.

“ಫಿಲ್ಮಲ್ಲಿ ಬಣ್ಣ ಹೋದ್ರೆ ಹೋಯ್ತು. ಇದ್ರಲ್ಲಿ ಒಳಗೇ ಅವಿತಿರತ್ತೆ ಕಣೇ, ಗುಂಡಿ ಒತ್ತಿದ್ರೆ ವಾಪಸ್.”

“ಬಡಾಯಿ ಸಾಕು, ಒತ್ತಿ ನೋಡೋಣ.”

ಕಂಪ್ಯೂಟರಿನಲ್ಲಿ ಒತ್ತಿದೆ. ಗೋಡೆ ಹಸಿರಾಯಿತು, ಕುರ್ಚಿ ಕೆಂಪಾಯಿತು, ನನ್ನ ಮೂಗಿಗೂ ಬಣ್ಣ ಬಂತು. ಅವಳೊಬ್ಬಳು ಬೂದಾಗಿಯೇ ಉಳಿದಳು.

“ನಾನು ಫಿಲ್ಮಿನವಳು ರೀ,” ಎಂದು ನಕ್ಕಳು. ನನ್ನ ಕೈಗೆ ತಾಗಿದ ಅವಳ ಬೆರಳು ಫಿಲ್ಮ್ ತೊಳೆಯುವ ನೀರಿನಷ್ಟು ತಣ್ಣಗಿತ್ತು.

ಆ ವಾರವೇ ತೀರಿಕೊಂಡಳು.

ದಿನವೂ ಆ ಪಟ ತೆರೆದು ಗುಂಡಿ ಒತ್ತುತ್ತೇನೆ. ಆಗೆಲ್ಲ ಕೋಣೆಯಲ್ಲಿ ಕತ್ತಲೆಕೋಣೆಯ ಹುಳಿ ವಾಸನೆ ಏಳುತ್ತದೆ. ಸಾವಿರ ಕಪ್ಪು ಬಲ್ಲ ನನಗೆ, ಅಂದು ಅವಳು ತೊಟ್ಟಿದ್ದ ಸ್ವೆಟರಿನ ಬಣ್ಣ ಯಾವುದೆಂದು ನೆನಪಾಗುತ್ತಿಲ್ಲ. ಪಟವೂ ಹೇಳುತ್ತಿಲ್ಲ. ಅವಳ ಭುಜದ ಮೇಲಿರುವ ನನ್ನ ಕೈ ಮಾತ್ರ ಮಣಿಕಟ್ಟಿನವರೆಗೆ ಬೂದಾಗಿದೆ. ಅವಳು ಹೋದ ಹೊಸತರಲ್ಲಿ ಬೆರಳ ತುದಿಗಳಷ್ಟೇ ಬೂದಾಗಿದ್ದವು.